ಬೆಳಿಗ್ಗೆ ಮಾತ್ರ ನಿಲ್ಲುತ್ತಿದ್ದ ಗಾಡಿ

ದಾರಿಯಲ್ಲಿ ಗಾಡಿ ನಿಂತರೆ ನಾವು ನೀವು ಏನು ಮಾಡುತ್ತೇವೆ? ಬೈಯುತ್ತಾ ಇಳಿಯುತ್ತೇವೆ, ಬೈಯುತ್ತಾ ತಳ್ಳುತ್ತೇವೆ. ನನ್ನ ಗಿರಾಕಿ ಲ್ಯಾಬ್ ಸರ್‌ಗೆ ಅದು ಆಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಂದ ಪೋಲಿಯೋ ಅವರ ಎಡಗಾಲನ್ನು ತಿಂದುಹಾಕಿತ್ತು. ಆ ಕಾಲಿಗೆ ತೊಡೆಯವರೆಗೆ ಕಬ್ಬಿಣದ ಪಟ್ಟಿಯ ಕ್ಯಾಲಿಪರ್, ಕೈಯಲ್ಲಿ ಊರುಗೋಲು. ಅವರ ನೂರು ಸಿಸಿ ಬೈಕಿಗೆ ಹಿಂದೆ ಎರಡೂ ಬದಿಗೆ ಸಣ್ಣ ಚಕ್ರ ಕೂರಿಸಿ, ಕೈಯಿಂದಲೇ ಗೇರು ಹಾಕುವಂತೆ ಒಂದು ಕಂಬಿ ವೆಲ್ಡ್ ಮಾಡಿಕೊಟ್ಟವನು ನಾನೇ. ಬಲಗಾಲು ಗಟ್ಟಿಯಿತ್ತು, ಕಿಕ್ ಹೊಡೆಯಲು ತೊಂದರೆ ಇರಲಿಲ್ಲ. ಆದರೆ ಆ ಭಾರದ ಗಾಡಿ ನಿಂತಿತೆಂದರೆ ಯಾರಾದರೂ ಬರುವವರೆಗೆ ಅವರು ಅದರ ಮೇಲೇ ಕೂತಿರಬೇಕು.

ಮನೆ ಹರಿಹರದಲ್ಲಿ. ಕೆಲಸ ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದು, ಖಾಲಿ ಹೊಟ್ಟೆಯಲ್ಲಿ ಬಂದು ಕೂತ ಸಕ್ಕರೆ ಕಾಯಿಲೆಯವರ ರಕ್ತ ತೆಗೆಯುವುದು ಅವರ ಕೆಲಸ. ಒಂದು ಗುಟುಕು ಚಾ ಕೂಡ ಕುಡಿಯದೆ ಬಂದ ಮುದುಕರು ಎಷ್ಟು ಹೊತ್ತು ಕಾಯುತ್ತಾರೆ? "ಬಸ್ಸಿಗೆ ಹೋಗಬಹುದಲ್ರಿ" ಎಂದು ಒಮ್ಮೆ ನಾನು ಕೇಳಿದ್ದೆ. "ಬಸ್ಸಿನ ಮೆಟ್ಲು ಹತ್ತಕ್ಕೆ ನನಗೆ ಹೊತ್ತು ಬೇಕು ಮೇಸ್ತ್ರಿ. ಕಂಡಕ್ಟರ್‌ಗೆ ಅಷ್ಟು ಹೊತ್ತು ಇರಲ್ಲ. ಎರಡು ಸಲ ಬಿದ್ದೀನಿ" ಎಂದಿದ್ದರು. ಆಮೇಲೆ ನಾನು ಬಸ್ಸಿನ ಮಾತೆತ್ತಲಿಲ್ಲ.

ನನ್ನ ಗ್ಯಾರೇಜೂ ದಾವಣಗೆರೆಯಲ್ಲೇ, ಕೆ.ಬಿ. ಬಡಾವಣೆಯ ನಮ್ಮ ಮನೆಯ ಮುಂದಿನ ಭಾಗದಲ್ಲಿ. ಹಿಂದಿನ ಭಾಗದಲ್ಲಿ ನಾನು, ಅವ್ವ ಇಬ್ಬರೇ. ಆ ಸಲ ಲ್ಯಾಬ್ ಸರ್ ಗಾಡಿ ತಂದಾಗ ಕಾರ್ಬೊರೇಟರ್‌ನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಬಿಚ್ಚಿ ನೋಡಿದರೆ ಒಳಗೆ ಮೇಲೆ ಕೆಳಗೆ ಆಡುವ ಸ್ಲೈಡ್ ಕೂಡ ಸವೆದು ಸವೆದು ಗೆರೆ ಬಿದ್ದಿತ್ತು. ಇದಕ್ಕೆ ರಿಪೇರಿ ಇಲ್ಲ, ಹೊಸದು ಹಾಕುವುದೇ ಸರಿ ಎಂದೆ. ನಾನು ಸಾಮಾನು ತರುವ ಸ್ಪೇರ್ಸ್ ಅಂಗಡಿಯ ಚಾಚಾ ಸೀಲ್ ಮಾಡಿದ ಡಬ್ಬಿಯಲ್ಲಿ ಹೊಸ ಕಾರ್ಬೊರೇಟರ್ ಕೊಟ್ಟರು. ಕೂರಿಸಿ, ಕೇಬಲ್ ಸಿಕ್ಕಿಸಿ, ಗಾಳಿ ಸ್ಕ್ರೂ ತಿರುಗಿಸಿ ಹದಕ್ಕೆ ತಂದೆ. ಒಂದೇ ಕಿಕ್ಕಿಗೆ ಎದ್ದಿತು. ನನ್ನ ಮುಖದಲ್ಲಿ ಗತ್ತು ಬಂದಿರಬೇಕು. ಲ್ಯಾಬ್ ಸರ್ ನಕ್ಕು, "ನಿಮ್ಮ ಕೈಗುಣ ಮೇಸ್ತ್ರಿ" ಎಂದರು.

ನಮ್ಮಲ್ಲಿ ಒಂದು ರೂಢಿ ಇದೆ. ದೊಡ್ಡ ಕೆಲಸ ಮುಗಿದ ಗಾಡಿ ಗ್ಯಾರೇಜಿನಿಂದ ಹೊರಗೆ ಹೋಗುವ ಮುಂಚೆ ಅವ್ವ ತಟ್ಟೆ ಹಿಡಿದು ಬರುತ್ತಾಳೆ. ನೀರಿನಲ್ಲಿ ಕಲಸಿದ ವಿಭೂತಿ ಮೂರು ಬೆರಳಲ್ಲಿ ಎಳೆದು, ನಡುವೆ ಕುಂಕುಮ ಇಟ್ಟು, ಊದಿನಕಡ್ಡಿ ಬೆಳಗುತ್ತಾಳೆ. ಬೇರೆ ಗಾಡಿಗಳಿಗೆ ಹೆಡ್‌ಲೈಟಿನ ಮೇಲೆ ಹಚ್ಚುತ್ತಾಳೆ. ಲ್ಯಾಬ್ ಸರ್ ಗಾಡಿಯ ಮುಂದೆ ಊರುಗೋಲಿನ ಹಿಡಿಕೆ, ಊಟದ ಡಬ್ಬಿಯ ಬುಟ್ಟಿ. ಕೈ ಹೋಗುವುದಿಲ್ಲ. ಅದಕ್ಕೆ ಟ್ಯಾಂಕಿನ ನೆತ್ತಿಯ ಮೇಲೆ ಹಚ್ಚಿದಳು. "ಹುಷಾರಾಗಿ ಹೋಗ್ಬಾಪ್ಪ" ಎಂದಳು. ಅವರು ಕೈ ಮುಗಿದು ಹೋದರು.

ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಫೋನು.

"ಮೇಸ್ತ್ರಿ, ಗಾಡಿ ನಿಂತುಬಿಟ್ತು. ಹರಿಹರ ದಾಟಿ ಸ್ವಲ್ಪ ದೂರ ಬಂದೀನಿ. ಕಿಕ್ ಹೊಡ್ದು ಹೊಡ್ದು ಸಾಕಾತು."

ಬಾಯಿ ಮುಕ್ಕಳಿಸಿ ಓಡಿದೆ. ಮೋಡ ಕವಿದು ಥಂಡಿ ಗಾಳಿ ಬೀಸುತ್ತಿದ್ದ ದಿನಗಳು. ರಸ್ತೆಯ ಅಂಚಿನಲ್ಲಿ ಅವರು ಗಾಡಿಯ ಮೇಲೇ ಕೂತು, ಹೋಗುವ ಲಾರಿಗಳ ಗಾಳಿಗೆ ಶಲ್ಯ ಹಿಡಿದುಕೊಂಡಿದ್ದರು. ಟ್ಯಾಂಕಿನ ಮುಚ್ಚಳ ತೆಗೆದು ನೋಡಿದೆ. ಅರ್ಧ ಟ್ಯಾಂಕ್ ಪೆಟ್ರೋಲ್ ಇತ್ತು. ಪೈಪು ಕಿತ್ತು ನೋಡಿದೆ, ಧಾರೆ ಚೆನ್ನಾಗಿಯೇ ಬಿತ್ತು. ಪೈಪು ಹಾಕಿ, ಮುಚ್ಚಳ ಮುಚ್ಚಿ, ಚೋಕ್ ಎಳೆದು ಎರಡು ಕಿಕ್ ಹೊಡೆದೆ. ಬುರ್ರ್ ಅಂತ ಎದ್ದಿತು.

"ಚೋಕ್ ಎಳ್ದಿದ್ರಾ ಇಲ್ವಾ?"

"ಮನೆ ಹತ್ರ ಎಳ್ದಿದ್ದೆ. ಇಲ್ಲಿ..."

"ಅದೇ ನೋಡ್ರಿ. ಹೊಸ ಕಾರ್ಬೊರೇಟರ್ ಐತೆ, ಥಂಡಿ ಐತೆ. ಚೋಕ್ ಸರಿಯಾಗಿ ಎಳೀಲಿಲ್ಲಾಂದ್ರೆ ನಿಲ್ಲದೆ ಇನ್ನೇನು ಮಾಡ್ತೈತೆ?" ಎಂದು ಗದರಿದೆ. ನನ್ನ ಬಾಯಿ ಮೊದಲೇ ಹಾಗೆ. ಅದರ ಮೇಲೆ ಚಾ ಕುಡಿದಿರಲಿಲ್ಲ.

ಅವರು ತಲೆಯಾಡಿಸಿದರು. "ಹಂಗಾರೆ ಮೇಡಂಗೆ ಚೋಕ್ ಅಂತ ಹೇಳ್ಲಾ?"

"ಹೇಳ್ರಿ. ಚೋಕೇ."

ಮೇಡಂ ಎಂದರೆ ಲ್ಯಾಬಿನ ಡಾಕ್ಟರ್. ನಾನು ಅವರನ್ನು ನೋಡಿರಲಿಲ್ಲ. ತಡವಾಗಿ ಬಂದವರಿಂದ ಕಾರಣ ಕೇಳುತ್ತಾರೆ, ಕೇಳಿ ಸುಮ್ಮನಾಗುತ್ತಾರೆ ಎಂದು ಲ್ಯಾಬ್ ಸರ್ ಹೇಳಿದ್ದರು. ಆ ಸುಮ್ಮನಿರುವುದೇ ಅವರಿಗೆ ಭಯ.

ಮಧ್ಯಾಹ್ನ ಲ್ಯಾಬು ಮುಗಿಸಿ ಗಾಡಿ ನನ್ನ ಹತ್ತಿರ ತಂದರು. ಯಾವುದಕ್ಕೂ ಇರಲಿ ಎಂದು ಟ್ಯಾಂಕು ಇಳಿಸಿ ಪಕ್ಕಕ್ಕಿಟ್ಟೆ. ಟ್ಯಾಂಕಿಲ್ಲದೆ ಇಂಜಿನ್ ಓಡಿಸಲು ನಮ್ಮಲ್ಲಿ ಒಂದು ಉಪಾಯವಿದೆ. ಹಳೇ ಸಲೈನ್ ಬಾಟಲಿಯ ತಳ ಕುಯ್ದು, ತಲೆಕೆಳಗಾಗಿ ನೇತುಹಾಕಿ, ಅದರಲ್ಲಿ ಪೆಟ್ರೋಲ್ ಸುರಿದು ಪೈಪನ್ನು ಕಾರ್ಬೊರೇಟರ್‌ಗೆ ಕೊಡುವುದು. ಆ ಬಾಟಲಿ ಲ್ಯಾಬ್ ಸರ್ ತಂದುಕೊಟ್ಟಿದ್ದೇ. ಬಾಟಲಿಯ ಪೆಟ್ರೋಲಿನಲ್ಲಿ ಗಾಡಿ ಅರ್ಧ ಗಂಟೆ ಕೆಮ್ಮದೆ ಓಡಿತು. ಪ್ಲಗ್ ತೆಗೆದು ಕಿಡಿ ನೋಡಿದೆ. ಸ್ವಲ್ಪ ಕೆಂಪು ಕಿಡಿ ಅನ್ನಿಸಿತು. ಹೊಸ ಪ್ಲಗ್ ಹಾಕಿದೆ. "ಪ್ಲಗ್ ವೀಕ್ ಆಗಿತ್ತು, ಈಗ ಏನೂ ತೊಂದ್ರೆ ಇಲ್ಲ" ಎಂದೆ. ಅವ್ವ ತಟ್ಟೆ ತಂದಳು. ನಿನ್ನೆ ಹೋದ ಗಾಡಿ ಇವತ್ತು ತಿರುಗಿ ಬಂದಿದ್ದು ಅವಳಿಗೆ ಸರಿಬಂದಿರಲಿಲ್ಲ. ವಿಭೂತಿ ಇನ್ನೊಂದಿಷ್ಟು ದಪ್ಪವಾಗಿಯೇ ಹಚ್ಚಿದಳು.

ಸಂಜೆ ಹರಿಹರ ಮುಟ್ಟಿ ಫೋನ್ ಮಾಡಿದರು. "ಗಾಡಿ ಬಂಗಾರ ಐತೆ ಮೇಸ್ತ್ರಿ."

ಬೆಳಿಗ್ಗೆ ಮತ್ತೆ ಫೋನು. ಹೆಚ್ಚುಕಮ್ಮಿ ಅದೇ ಜಾಗ.

ಮತ್ತೆ ಓಡಿದೆ. ನಾನು ಮುಚ್ಚಳ ತೆಗೆದೆ, ಪೆಟ್ರೋಲ್ ನೋಡಿದೆ, ಪೈಪು ಕಿತ್ತೆ, ಧಾರೆ ನೋಡಿದೆ, ಹಾಕಿದೆ, ಕಿಕ್ ಹೊಡೆದೆ. ಎದ್ದಿತು. ಥತ್, ನಾನು ಬಂದರೆ ಏಳುತ್ತದೆ, ಅವರೊಬ್ಬರೇ ಇದ್ದರೆ ಏಳುವುದಿಲ್ಲ! ಇದೇನು ಗಾಡಿಯೋ, ಹಟಮಾರಿ ಕೂಸೋ? ಅವರು ಫೋನಿನಲ್ಲಿ ಯಾರಿಗೋ "ಬಂದೆ ಮೇಡಂ, ಬಂದೆ" ಎನ್ನುತ್ತಲೇ ಹೊರಟರು. ಕಾದು ಕಾದು ಒಬ್ಬ ಅಜ್ಜಿಗೆ ತಲೆ ತಿರುಗಿ, ಬೆಂಚಿನ ಮೇಲೆ ಮಲಗಿಸಿ ಗ್ಲೂಕೋಸ್ ಕೊಡಬೇಕಾಯಿತಂತೆ. ಅದನ್ನು ಮಧ್ಯಾಹ್ನ ಬಂದು ಹೇಳಿದಾಗ ಅವರ ದನಿ ಸಣ್ಣದಾಗಿತ್ತು.

"ನೀವು ನಿನ್ನೆ ಅಂದಿದ್ದ ಪ್ಲಗ್ಗೇ ಅಂತ ಹೇಳ್ದೆ. ಮೇಡಂ ಏನೂ ಅನ್ಲಿಲ್ಲ" ಎಂದರು. "ಏನಾಗೈತೆ ಮೇಸ್ತ್ರಿ ಖರೇ ಅಂದ್ರೆ?"

ನನಗೆ ಪಿತ್ತ ನೆತ್ತಿಗೇರಿತು. ನನ್ನ ಕೆಲಸದಲ್ಲಿ ತಪ್ಪಿಲ್ಲ, ಕಿಡಿ ಸರಿಯಿದೆ, ಪೆಟ್ರೋಲ್ ಸರಿಯಿದೆ. ಹಾಗಾದರೆ ಉಳಿದಿದ್ದು ಹೊಸ ಕಾರ್ಬೊರೇಟರ್. ಬಿಚ್ಚಿ ಅಂಗೈಯಲ್ಲಿ ಹಿಡಿದು ಸೀದಾ ಚಾಚಾನ ಅಂಗಡಿಗೆ ಹೋದೆ.

"ಚಾಚಾ, ಡೂಪ್ಲಿಕೇಟ್ ಮಾಲ್ ಕೊಟ್ಟೀರಿ."

ಗಿರಾಕಿಗಳೆಲ್ಲ ತಿರುಗಿ ನೋಡಿದರು. ಚಾಚಾ ಕನ್ನಡಕ ಏರಿಸಿ, ಕಾರ್ಬೊರೇಟರ್ ತಿರುಗಿಸಿ ತಿರುಗಿಸಿ ನೋಡಿದರು.

"ಅರೇ ಬೇಟಾ, ಯಾಕ ಇಷ್ಟು ಗರಂ ಆಗ್ತೀ? ಮಾಲ್ ಅಸ್ಲಿ ಐತೆ. ಸೀಲ್ ನಿನ್ ಕೈಯಾಗೆ ಒಡೆದಿದ್ದು. ಸಂಜೀಕೆ ಹೆಂಗೆ ಓಡ್ತೈತೆ ಗಾಡಿ?"

"ಚೆನ್ನಾಗೇ ಓಡ್ತೈತೆ."

"ಮತ್ತೆ? ಕಾರ್ಬೊರೇಟರ್ ಖರಾಬ್ ಇದ್ರೆ ಸಂಜೀಕೂ ನಿಲ್ಬೇಕಲ್ಲಪ್ಪ. ಅದಕ್ಕೇನು ಹೊತ್ತು ಗೊತ್ತೈತಾ?"

ಮಾತಿನಲ್ಲಿ ಅರ್ಥವಿತ್ತು. ಆದರೆ ಜಗಳಕ್ಕೆ ಹೋದವನಿಗೆ ಅರ್ಥ ಬೇಕಿರಲಿಲ್ಲ. "ಬದಲಿ ಕೊಡ್ತೀರೋ ಇಲ್ವೋ?" ಎಂದೆ. ಚಾಚಾ ನಿಟ್ಟುಸಿರು ಬಿಟ್ಟು ಇನ್ನೊಂದು ಡಬ್ಬಿ ಇಳಿಸಿದರು. "ತಗೋ. ಇದೂ ಅಸ್ಲಿನೇ. ನಿನ್ ದಿಮಾಗ್ ಮಾತ್ರ ನಾನು ಬದ್ಲಿ ಕೊಡಕ್ಕಾಗಲ್ಲ" ಎಂದು ನಕ್ಕರು. ನಾನು ನಗಲಿಲ್ಲ.

ಎರಡನೇ ಕಾರ್ಬೊರೇಟರನ್ನು ಗಾಡಿಗೆ ಹಾಕುವ ಮುಂಚೆ ಮೇಜಿನ ಮೇಲೆ ಪೂರ್ತಿ ಬಿಚ್ಚಿದೆ. ಪೈಲಟ್ ಜೆಟ್ ಬೆಳಕಿಗೆ ಹಿಡಿದು ತೂತು ನೋಡಿದೆ. ಫ್ಲೋಟಿನ ಎತ್ತರ ಅಳೆದೆ. ಇಂಜಿನ್‌ಗೆ ಸೇರುವ ಕಡೆ ಹೊಸ ಪ್ಯಾಕಿಂಗ್ ಹಾಕಿ, ಸೋಪಿನ ನೀರು ಸವರಿ, ಗಾಳಿ ಎಳೆಯುತ್ತದೆಯೇ ಎಂದು ಪರೀಕ್ಷಿಸಿದೆ. ಗಾಡಿ ಗಡಿಯಾರದ ಹಾಗೆ ಓಡಿತು. "ಚಾಚಾ ಡೂಪ್ಲಿಕೇಟ್ ಕೊಟ್ಟಿದ್ರು. ಇನ್ನು ನಿಂತ್ರೆ ನನ್ನ ಹೆಸರು ಬದ್ಲಾಯಿಸ್ರಿ" ಎಂದು ಎದೆ ತಟ್ಟಿಕೊಂಡೆ. ಅವ್ವ ಮೂರನೇ ಸಲ ವಿಭೂತಿ ಹಚ್ಚಿದಳು. ಈ ಸಲ ಏನೋ ಹರಕೆಯನ್ನೂ ಹೊತ್ತಳು, ಬಾಯಿ ಮಣಮಣ ಅನ್ನುತ್ತಿತ್ತು.

ಮರುದಿನ ಫೋನು ಬರಲಿಲ್ಲ. ಏಳಾಯಿತು, ಏಳೂವರೆ ಆಯಿತು. ನಾನು ಗೆದ್ದೆ ಎಂದುಕೊಂಡು ಎರಡನೇ ಚಾ ಹೇಳಿದೆ. ಅಷ್ಟರಲ್ಲಿ ಗ್ಯಾರೇಜಿನ ಮುಂದೆ ಒಂದು ಗೂಡ್ಸ್ ಆಟೋ ನಿಂತಿತು. ಹಿಂದೆ ಹಗ್ಗ ಬಿಗಿದ ನಾಲ್ಕು ಚಕ್ರದ ಬೈಕು, ಮುಂದೆ ಡ್ರೈವರ್ ಪಕ್ಕ ಲ್ಯಾಬ್ ಸರ್. ಅವರ ಶಲ್ಯಕ್ಕೆಲ್ಲ ಕೆಸರು ಸಿಡಿದಿತ್ತು. ಹೈವೇಗೆ ಸೇರುವ ತಿರುವಿನಲ್ಲೇ ಗಾಡಿ ನಿಂತಿತ್ತಂತೆ. ಹಿಂದೆ ಬಂದ ಲಾರಿಯವನು ಬ್ರೇಕ್ ಹಾಕಿ, ಹಾರ್ನ್ ಹೊಡೆದು, ಬಾಯಿಗೆ ಬಂದಂತೆ ಬೈದು ಹೋದನಂತೆ.

"ನನಗ್ಯಾಕೆ ಫೋನ್ ಮಾಡ್ಲಿಲ್ಲ?"

"ನೀವು ಬರೋವರೆಗೆ ಅಲ್ಲಿ ಕೂತಿರಕ್ಕೆ ಧೈರ್ಯ ಸಾಲ್ಲಿಲ್ಲ ಮೇಸ್ತ್ರಿ."

ಅವರನ್ನು ಕೈಹಿಡಿದು ಇಳಿಸಿ, "ಕೂಡ್ರಿ" ಎಂದು ಸ್ಟೂಲು ಹಾಕಿದೆ.

"ಲ್ಯಾಬಿಗೆ ಹೋಗಲ್ವಾ?"

"ಫೋನಿನಾಗೆ ಡೂಪ್ಲಿಕೇಟ್ ಮಾಲು ಅಂತ ಹೇಳ್ದೆ. ಮೇಡಂ ಇವತ್ತು ಬರೋದು ಬ್ಯಾಡ ಅಂದ್ರು. ರಕ್ತ ಅವರೇ ತೆಗೀತಾರಂತೆ." ಶಲ್ಯದ ಕೆಸರು ಕೊಡವುತ್ತಾ ಹೇಳಿದರು, "ನಾಳೆಯಿಂದ ಬೇರೆ ಹುಡುಗಿನ ಕರ್ಸ್ತಾರಂತೆ. ಇಲ್ಲೇ ಊರೊಳಗಿನವಳು. ನಾಳೆ ಏಳಕ್ಕೆ ಮುಂಚೆ ಬಂದ್ರೆ ನೋಡಣ, ಇಲ್ಲಾಂದ್ರೆ ಬರಬ್ಯಾಡ್ರಿ ಅಂದಾರೆ."

ಇಷ್ಟು ವರ್ಷದ ಕೆಲಸ. ಕುಂಟುಗಾಲಿನವರಿಗೆ, ಅದೂ ಐವತ್ತು ದಾಟಿದ ಮೇಲೆ, ಇನ್ನೊಂದು ಲ್ಯಾಬು ಎಲ್ಲಿ ಸಿಗಬೇಕು? ಅವರು ಊರುಗೋಲಿನ ತುದಿಯಿಂದ ನೆಲದ ಎಣ್ಣೆಕಲೆ ಕೆರೆಯುತ್ತಾ ಕೂತರು. ಚಾ ಬಂದು ಆರಿತು, ಇಬ್ಬರೂ ಮುಟ್ಟಲಿಲ್ಲ.

ಗಾಡಿಯನ್ನು ನಿಲ್ಲಿಸಿ ಅದರ ಮುಂದೆ ನಾನೂ ಕುಕ್ಕರಗಾಲಿನಲ್ಲಿ ಕೂತೆ. ಮೊದಲ ಸಲ ಕೈ ಹಾಕದೆ ಯೋಚನೆ ಮಾಡಿದೆ. ಇಷ್ಟು ದಿನ ನಾನು ಮಾಡಿದ್ದೇನು? ಒಂದರ ಮೇಲೊಂದು ಹೊಸದು ಹಾಕಿದ್ದು. ಪ್ಲಗ್ ಹೊಸದು, ಕಾರ್ಬೊರೇಟರ್ ಹೊಸದು, ಪ್ಯಾಕಿಂಗ್ ಹೊಸದು. ಗಾಡಿಯನ್ನು ಗುಣ ಮಾಡುವ ಆತುರದಲ್ಲಿ ಯಾವುದು ರೋಗ ಅಲ್ಲ ಎಂಬುದನ್ನೇ ನೋಡಿರಲಿಲ್ಲ. ಚಾಚಾ ಕೇಳಿದ ಮಾತು ಈಗ ಬಂದು ತಟ್ಟಿತು.

"ಸರ್, ಹಳೇ ಕಾರ್ಬೊರೇಟರ್ ತಿರುಗಿ ಹಾಕ್ತೀನಿ" ಎಂದೆ.

ಅವರು ಗಾಬರಿಯಾದರು. "ಅದು ಸೋರ್ತಿತ್ತಲ್ರಿ?"

"ಸೋರ್ಲಿ. ಸೋರ್ತಿದ್ರೂ ನಿಂತಿರ್ಲಿಲ್ಲ. ಅದನ್ನ ಹಾಕಿದ್ಮೇಲೂ ಸ್ಟಾರ್ಟ್ ಆಗ್ಲಿಲ್ಲಾಂದ್ರೆ ತಪ್ಪು ಕಾರ್ಬೊರೇಟರ್‌ದಲ್ಲ ಅಂತ ಆಯ್ತಲ್ಲ."

ಮೆಕ್ಯಾನಿಕ್ ಆದವನಿಗೆ, ತಾನೇ ಕಿತ್ತು ಮೂಲೆಗೆಸೆದ ಸಾಮಾನನ್ನು ಹುಡುಕಿ ತಂದು ಗಿರಾಕಿಯ ಕಣ್ಣೆದುರೇ ಮತ್ತೆ ಕೂರಿಸುವುದೆಂದರೆ ಮುಖಕ್ಕೆ ಮಸಿ ಬಳಿದುಕೊಂಡಂತೆ. ಆದರೆ ಬೇರೆ ದಾರಿ ಇರಲಿಲ್ಲ. ಗುಜರಿ ಡಬ್ಬಿಯಿಂದ ಹಳೆಯದನ್ನು ಎತ್ತಿ, ಪೆಟ್ರೋಲಿನಲ್ಲಿ ತೊಳೆದೆ. ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ ಬಂದ್ ಮಾಡಿ, ಹೊಸದನ್ನು ಬಿಚ್ಚಿ, ಹಳೆಯದನ್ನು ಕೂರಿಸಿದೆ. ಕಾಕ್ ತೆರೆದು ಸ್ವಲ್ಪ ಕಾದೆ. ಆಮೇಲೆ ಕಿಕ್ ಹೊಡೆದೆ.

ಏಳಲಿಲ್ಲ. ಚೋಕ್ ಎಳೆದು ಹೊಡೆದೆ. ಏಳಲಿಲ್ಲ. ಅಂಗಿ ಬೆವರಿಗೆ ಅಂಟುವವರೆಗೆ ಹೊಡೆದೆ. ಪ್ಲಗ್ ಬಿಚ್ಚಿ ಬೆರಳಿನಿಂದ ಮುಟ್ಟಿದರೆ ಒಣ ಒಣ. ಇಷ್ಟು ಕಿಕ್ ಹೊಡೆದ ಮೇಲೆ ಪ್ಲಗ್ ಪೆಟ್ರೋಲಿನಲ್ಲಿ ನೆನೆದಿರಬೇಕಿತ್ತು. ಅಂದರೆ ಇಂಜಿನ್‌ಗೆ ಪೆಟ್ರೋಲೇ ಹೋಗುತ್ತಿಲ್ಲ. ಆದರೆ ನಾನು ಪ್ರತಿ ಸಲವೂ ಪೈಪು ಕಿತ್ತು ಧಾರೆ ನೋಡಿದ್ದೆನಲ್ಲ? ಸರಿ, ಇನ್ನೊಮ್ಮೆ ನೋಡೇಬಿಡೋಣ ಎಂದು ಅಭ್ಯಾಸದಂತೆ ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕಿದೆ.

"ಮೇಸ್ತ್ರಿ, ಮುಚ್ಚಳ ಮುಟ್ಟಬ್ಯಾಡ್ರಿ!"

ಲ್ಯಾಬ್ ಸರ್ ಸ್ಟೂಲಿನಿಂದ ಅರ್ಧ ಎದ್ದಿದ್ದರು. ಅವರು ನನಗೆ ಏರುದನಿಯಲ್ಲಿ ಮಾತಾಡಿದ್ದು ಅದೇ ಮೊದಲು.

"ಯಾಕ್ರಿ?"

"ನೀವು ಎಲ್ಲಿಗೆ ಬಂದ್ರೂ ಮೊದ್ಲು ಮಾಡೋ ಕೆಲ್ಸ ಅದು. ಮುಚ್ಚಳ ತೆಗೆದು ಪೆಟ್ರೋಲ್ ನೋಡ್ತೀರಿ. ಆಮೇಲೆ ಗಾಡಿ ಸ್ಟಾರ್ಟ್ ಆಗ್ತೈತೆ. ನಾನು ಒಬ್ನೇ ಇದ್ದಾಗ ಮುಚ್ಚಳ ತೆಗಿಯಲ್ಲ, ನಿನ್ನೆ ಸಂಜೆ ತಾನೇ ಬಂಕಿನಾಗೆ ಹಾಕ್ಸಿರ್ತೀನಿ, ಪೆಟ್ರೋಲ್ ಐತೆ ಅಂತ ಗೊತ್ತಿರ್ತೈತೆ. ಆಗ ಸ್ಟಾರ್ಟ್ ಆಗಲ್ಲ. ಇವತ್ತು ಇನ್ನೂ ಯಾರೂ ಮುಚ್ಚಳ ತೆಗೆದಿಲ್ಲ."

ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಅವರು ಗೋಡೆಗೆ ನೇತುಹಾಕಿದ್ದ ಸಲೈನ್ ಬಾಟಲಿಯತ್ತ ಊರುಗೋಲು ತೋರಿಸಿದರು.

"ಅದರ ತಳ ಕುಯ್ದೀರಲ್ಲ, ಅದ್ರಾಗೆ ಹಾಕಿದ್ರೆ ಗಾಡಿ ಎಂದೂ ನಿಂತಿಲ್ಲ. ಹಿಂದೆ ನಾನು ಆಸ್ಪತ್ರೆಯಾಗೆ ಕೆಲ್ಸಕ್ಕಿದ್ದಾಗ, ಗಾಜಿನ ಬಾಟ್ಲಿ ಕಾಲದಾಗೆ, ಸಲೈನ್ ಇಳೀಲಿಲ್ಲಾಂದ್ರೆ ಮೊದ್ಲು ಬಾಟ್ಲಿಗೆ ಚುಚ್ಚಿದ ಗಾಳಿ ಸೂಜಿ ನೋಡ್ತಿದ್ವಿ. ಮೇಲಿಂದ ಗಾಳಿ ಹೋಗ್ಲಿಲ್ಲಾಂದ್ರೆ ಕೆಳಗೆ ನೀರು ಇಳಿಯಲ್ಲ. ನಿಮ್ಮ ಟ್ಯಾಂಕಿಗೆ ಗಾಳಿ ಎಲ್ಲಿಂದ ಹೋಗ್ತೈತೆ?"

ಎಲ್ಲಿಂದ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಅವರ ಗಾಡಿಯ ಮೂಲ ಮುಚ್ಚಳದ ಬೀಗ ಕೆಟ್ಟು, ನಾನೇ ಹಾಕಿದ್ದ ಅಗ್ಗದ ದುಂಡು ಮುಚ್ಚಳ ಅದು. ಅದರ ನಟ್ಟನಡುವೆ ಸೂಜಿಮೊನೆಯಷ್ಟು ತೂತು ಇರುತ್ತದೆ. ಆದರೆ ಬಾಯಲ್ಲಿ ಹೇಳುವ ಮುಂಚೆ ಕಣ್ಣಿನಲ್ಲಿ ನೋಡಬೇಕಿತ್ತು. ಮುಚ್ಚಳ ಮುಟ್ಟದೆ, ಕಾರ್ಬೊರೇಟರ್ ಕಡೆಯ ಪೈಪು ಕಿತ್ತು ಅದರ ಕೆಳಗೆ ಡಬ್ಬಿ ಹಿಡಿದೆ. ಹನಿ ಹನಿ ಬಿತ್ತು. ನಿಂತಿತು. ಅರ್ಧ ಟ್ಯಾಂಕ್ ಪೆಟ್ರೋಲ್ ತಲೆಯ ಮೇಲಿದ್ದರೂ ಪೈಪಿನಿಂದ ಒಂದು ತೊಟ್ಟಿಲ್ಲ.

"ಈಗ ತೆಗೀರಿ" ಎಂದರು ಲ್ಯಾಬ್ ಸರ್.

ಮುಚ್ಚಳ ಸ್ವಲ್ಪವೇ ಸಡಿಲಿಸಿದೆ. ಸುಸ್ಸ್ ಎಂದು ಗಾಳಿ ಒಳಗೆ ನುಗ್ಗಿತು. ಅದರ ಹಿಂದೆಯೇ ಪೈಪಿನಿಂದ ಧಾರೆ ಡಬ್ಬಿ ತುಂಬಿ ನನ್ನ ಕೈ ಮೇಲೆ ಸುರಿಯಿತು. ಕಾಕ್ ಬಂದ್ ಮಾಡುವುದನ್ನೂ ಮರೆತು ನೋಡುತ್ತಾ ಕೂತೆ. ನನ್ನ ತಪಾಸಣೆಯೇ ಔಷಧ ಆಗಿತ್ತು. ಅದಕ್ಕೇ ರೋಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಸಂಜೆ ದಾರಿಯಲ್ಲಿ 'ಬಂಗಾರ'ದಂತೆ ಓಡುತ್ತಿದ್ದುದೂ ಅದಕ್ಕೇ. ದಿನಾ ಸಂಜೆ ಬಂಕಿನಲ್ಲಿ ಒಂದಿಷ್ಟು ಪೆಟ್ರೋಲ್ ಹಾಕಿಸುವಾಗ ಬಂಕಿನವನು ಮುಚ್ಚಳ ತೆರೆಯುತ್ತಿದ್ದ. ಆಗ ಒಳಹೋದ ಗಾಳಿ ಮನೆ ಮುಟ್ಟುವವರೆಗೆ ಸಾಕಾಗಿ, ಬೆಳಿಗ್ಗೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಗಿಯುತ್ತಿತ್ತು.

ಮುಚ್ಚಳವನ್ನು ಬೆಳಕಿಗೆ ಹಿಡಿದೆ. ತೂತು ಕಾಣಲಿಲ್ಲ. ಅದರ ಮೇಲೆ ವಿಭೂತಿ, ಕುಂಕುಮ, ಮತ್ತೆ ವಿಭೂತಿ, ಕುಂಕುಮ, ಗೋಡೆಗೆ ಬಳಿದ ಸುಣ್ಣದ ಹಾಗೆ ಪದರ ಪದರವಾಗಿ ಒಣಗಿ ಗಟ್ಟಿಯಾಗಿತ್ತು.

"ಅವ್ವಾ!" ಎಂದು ಕೂಗಿದ ಕೂಗಿಗೆ ಪಕ್ಕದ ಮನೆಯವರೂ ಹೊರಗೆ ಬಂದರು.

ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ನಾನು ಬಾಯಿಗೆ ಬಂದಂತೆ ಒದರಿದೆ. ನಿನ್ನ ಪೂಜೆಗೆ ಬೆಂಕಿ ಬಿತ್ತು, ಒಬ್ಬ ಮನುಷ್ಯನ ಅನ್ನಕ್ಕೆ ಕಲ್ಲು ಹಾಕಿದೆಯಲ್ಲ ಎಂದೆಲ್ಲ. ಲ್ಯಾಬ್ ಸರ್ "ಅವ್ವಾರಿಗೆ ಬೈಬ್ಯಾಡ್ರಿ, ಬೈಬ್ಯಾಡ್ರಿ" ಎನ್ನುತ್ತಲೇ ಇದ್ದರು. ಅವ್ವ ಎಲ್ಲ ಕೇಳಿಸಿಕೊಂಡು, ಮುಚ್ಚಳ ಇಸಿದುಕೊಂಡು ನೋಡಿದಳು.

"ಇದ್ರಾಗೆ ತೂತು ಐತೆ ಅಂತ ನಂಗೆ ಗೊತ್ತಿತ್ತೇನೋ?"

"ನಿಂಗೆ ಹೆಂಗೆ ಗೊತ್ತಿರ್ತೈತೆ!"

"ನಿಂಗೆ ಗೊತ್ತಿತ್ತಲ್ಲ. ನಿನ್ನ ಕಣ್ಣ ಮುಂದೇ ಹಚ್ಚಿದ್ನಲ್ಲ. ಮೂರು ಸಲ ಹಚ್ಚಿದೆ, ಒಂದು ಸಲ ಆದ್ರೂ ಬ್ಯಾಡ ಅಂದ್ಯಾ?"

ಅವಳು ಲ್ಯಾಬ್ ಸರ್ ಕಡೆ ತಿರುಗಿ, "ತಪ್ಪಾತಪ್ಪಾ. ನಿನಗೆ ಒಳ್ಳೇದಾಗ್ಲಿ ಅಂತ ಹಚ್ಚಿದೆ" ಎಂದಳು. ಹೇಳುವಾಗ ಅವಳ ಕಣ್ಣು ತುಂಬಿತ್ತು. ಆಮೇಲೆ ತನ್ನ ಸೆರಗಿನ ಪಿನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು. ಅದರಿಂದಲೇ ತೂತು ಬಿಡಿಸಿದೆ. ಹೊಸ ಕಾರ್ಬೊರೇಟರ್ ಮತ್ತೆ ಕೂರಿಸಿ, ಮುಚ್ಚಳ ಬಿಗಿಯಾಗಿ ಮುಚ್ಚಿ, ಮಧ್ಯಾಹ್ನ ಪೂರ್ತಿ ಓಡಿಸಿದೆವು. ನಿಲ್ಲಲಿಲ್ಲ. ಅಷ್ಟಾದರೂ ನನಗೆ ನಂಬಿಕೆ ಬರಲಿಲ್ಲ. ಮರುದಿನ ನಸುಕಿನಲ್ಲೇ ನನ್ನ ಗಾಡಿ ತೆಗೆದುಕೊಂಡು ಹರಿಹರಕ್ಕೆ ಹೋದೆ.

ಅವರ ಹಿಂದೆ ಹಿಂದೆ ಬಂದೆ. ಮೊದಲು ನಿಂತಿದ್ದ ಜಾಗ ಬಂತು, ದಾಟಿತು. ಹೈವೇಯ ತಿರುವು ಬಂತು. ಅಲ್ಲಿ ಅವರ ಗಾಡಿಯ ವೇಗ ಇಳಿಯಿತು, ನಾನು ಕತ್ತು ಚಾಚಿ ನೋಡಿದೆ. ಎದುರಿಗೆ ಕುರಿ ಮಂದೆ ದಾಟುತ್ತಿತ್ತು, ಅಷ್ಟೇ. ಕುರಿಯವನು ಹೊಯ್ ಹೊಯ್ ಎಂದು ದಾಟಿಸಿದ. ಗಾಡಿ ಕೆಮ್ಮಲಿಲ್ಲ. ಪಿ.ಜೆ. ಬಡಾವಣೆಯ ಲ್ಯಾಬಿನ ಮುಂದೆ ನಿಂತಾಗ ಏಳಕ್ಕೆ ಇನ್ನೂ ಹೊತ್ತಿತ್ತು.

ಆದರೆ ಬಾಗಿಲು ತೆಗೆದಿತ್ತು. ಒಳಗೆ ಅವರ ಕುರ್ಚಿಯಲ್ಲಿ ಬಿಳಿ ಕೋಟಿನ ಹುಡುಗಿಯೊಬ್ಬಳು ಕೂತು ಸೂಜಿ ಜೋಡಿಸುತ್ತಿದ್ದಳು. ಬೆಂಚಿನ ತುಂಬ ಜನ. ಮೇಡಂ ಅಲ್ಲೇ ನಿಂತಿದ್ದರು. ಲ್ಯಾಬ್ ಸರ್ ಊರುಗೋಲು ಊರಿ ಬಾಗಿಲಲ್ಲೇ ನಿಂತರು.

"ಹೊತ್ತಿಗೆ ಮುಂಚೆ ಬಂದೀನಿ ಮೇಡಂ."

"ಬಂದೀರಿ. ನೋಡ್ದೆ" ಎಂದರು ಮೇಡಂ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ತಡ ಆಗಿದ್ದಕ್ಕಲ್ಲ ನಾನು ಈ ಹುಡುಗೀನ ಕರೆಸಿದ್ದು. ಮೊದಲನೇ ದಿನ ಚೋಕು ಅಂದ್ರಿ. ಆಮೇಲೆ ಪ್ಲಗ್ಗು ಅಂದ್ರಿ. ಆಮೇಲೆ ಡೂಪ್ಲಿಕೇಟ್ ಮಾಲು ಅಂದ್ರಿ. ನಿನ್ನೆ ಸಂಜೆ ಫೋನ್ ಮಾಡಿ, ಯಾರೋ ಅಜ್ಜಿ ವಿಭೂತಿ ಹಚ್ಚಿದ್ದಕ್ಕೆ ಗಾಡಿ ನಿಂತಿತ್ತು ಅಂತೀರಿ. ದಿನಕ್ಕೊಂದು ನೆಪ. ಜನರ ರಕ್ತದ ರಿಪೋರ್ಟು ನಿಮ್ಮ ಮಾತಿನ ಮೇಲೆ ನಾನು ಸಹಿ ಹಾಕ್ತೀನಿ. ನಿಮ್ಮ ಮಾತೇ ಹಿಂಗಾದ್ರೆ ಹೆಂಗ್ರಿ?"

ಒಂದೊಂದು ಮಾತೂ ನನ್ನದು. ಎದೆ ತಟ್ಟಿಕೊಂಡು ಹೇಳಿದ್ದು ನಾನು. ಅವರು ಅದನ್ನು ಹಾಗೇ ಹೊತ್ತು ತಂದು ಇಲ್ಲಿ ಒಪ್ಪಿಸಿ ಸುಳ್ಳುಗಾರ ಅನ್ನಿಸಿಕೊಂಡಿದ್ದರು. ಕೊನೆಗೆ ಸಿಕ್ಕ ನಿಜವೇ ಎಲ್ಲಕ್ಕಿಂತ ದೊಡ್ಡ ಸುಳ್ಳಿನ ಹಾಗಿತ್ತು.

"ಮೇಡಂ, ನಾನೇ ಆ ಮೇಸ್ತ್ರಿ" ಎಂದು ಎಣ್ಣೆಗೈಯಲ್ಲೇ ಒಳಗೆ ಹೋದೆ. "ಆ ಮಾತೆಲ್ಲ ನನ್ನವು. ಒಂದೂ ಅವರವಲ್ಲ. ಗೊತ್ತಿಲ್ಲದೆ ಗೊತ್ತು ಅಂತ ಹೇಳಿದೋನು ನಾನು. ವಿಭೂತಿ ಹಚ್ಚಿದ್ದು ನನ್ನ ಅವ್ವ. ಮುಚ್ಚಳದ ಗಾಳಿ ತೂತು ಮುಚ್ಚಿ ಪೆಟ್ರೋಲ್ ಇಳೀತಿರ್ಲಿಲ್ಲ. ಗಾಜಿನ ಸಲೈನ್ ಬಾಟ್ಲಿಗೆ ಗಾಳಿ ಸೂಜಿ ಹಾಕದಿದ್ರೆ ಹೆಂಗೋ ಹಂಗೆ. ಅದನ್ನ ಕಂಡುಹಿಡಿದೋರು ನಾನಲ್ಲ, ಇವರು."

ಮೇಡಂ ನನ್ನನ್ನು ನೋಡಿದರು, ಆಮೇಲೆ ಲ್ಯಾಬ್ ಸರ್ ಕಡೆ ತಿರುಗಿದರು.

"ಹೌದೇನ್ರಿ?"

"ಹೌದು ಮೇಡಂ. ಮೊದ್ಲಿನವೂ ನಿಜ ಅಂತಾನೇ ನಿಮಗೆ ಹೇಳಿದ್ದೆ" ಎಂದರು ಅವರು. "ಮೇಸ್ತ್ರಿ ಹೇಳಿದ್ರಲ್ಲ, ನಂಬಿದ್ದೆ."

ಮೇಡಂ ಹೆಸರಿನ ಪುಸ್ತಕ ಎತ್ತಿ ಪಕ್ಕದ ಮೇಜಿಗಿಟ್ಟರು. ಆಮೇಲೆ ಹುಡುಗಿಗೆ, "ನೀನು ಏಳಮ್ಮ, ಈ ಕಡೆ ಬಾ. ಹೆಸರು ಬರ್ಕೊ. ರಕ್ತ ಅವರೇ ತೆಗೀತಾರೆ" ಎಂದರು. ಲ್ಯಾಬ್ ಸರ್ ನಿಧಾನ ನಡೆದು ಹೋಗಿ ಕುರ್ಚಿಯಲ್ಲಿ ಕೂತು, ಊರುಗೋಲನ್ನು ಗೋಡೆಗೆ ಒರಗಿಸಿ, ಕೈಗವಸು ಹಾಕಿಕೊಂಡರು. "ಮೊದಲನೇವ್ರು ಬರ್ರಿ" ಎಂದರು.

ನಾನು ಹೊರಗೆ ಬಂದು ನನ್ನ ಗಾಡಿಯ ಮೇಲೆ ಕೂತೆ. ಕಿಕ್ ಹೊಡೆಯಲು ಕಾಲು ಏಳಲಿಲ್ಲ. ಲ್ಯಾಬ್ ಸರ್ ಬೈದಿದ್ದರೆ ನಾನೂ ಒಂದು ಮಾತು ತಿರುಗಿಸಿ ಕೊಟ್ಟು ಹಗುರಾಗುತ್ತಿದ್ದೆ. ನಂಬಿದ್ದೆ ಎಂದವರಿಗೆ ಏನು ಹೇಳುವುದು?